ಬರೆದಿಡದ ಹದ

ದೋಸೆ ಹಿಟ್ಟು ಎಷ್ಟು ತೆಳ್ಳಗಿರಬೇಕು ಎಂದು ಯಾವ ಮನೆಯಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ: ‘ಹದವಾಗಿರಬೇಕು’. ಬೆಲ್ಲದ ಪಾಕಕ್ಕೊಂದು ಹದ, ಮುದ್ದೆ ತೊಳಸುವುದಕ್ಕೊಂದು ಹದ, ಮಳೆ ಬಿದ್ದ ಹೊಲಕ್ಕೊಂದು ಹದ. ಗೊತ್ತಿದ್ದವರಿಗೆ ಆ ಒಂದು ಮಾತು ಸಾಕು. ಗೊತ್ತಿಲ್ಲದವರಿಗೆ ನೂರು ಮಾತು ಹೇಳಿದರೂ ಸಾಲದು. ಚರಿತ್ರೆಯ ದೊಡ್ಡ ತೊಡಕು ಇರುವುದು ಇಲ್ಲಿಯೇ. ಎಲ್ಲರಿಗೂ ಗೊತ್ತಿದ್ದುದನ್ನು ಯಾರೂ ಬರೆದಿಡುವುದಿಲ್ಲ. ಯಾವ ರಾಜ ಯಾರ ಮೇಲೆ ದಂಡೆತ್ತಿ ಹೋದ, ಯಾವ ದೇವಸ್ಥಾನಕ್ಕೆ ಎಷ್ಟು ಭೂಮಿ ಬಿಟ್ಟ ಎಂಬುದು ಕಲ್ಲಿನ ಮೇಲಿದೆ. ಅವನ ಅಂಗಿಯ ಅಂಚನ್ನು ಎಷ್ಟು ಅಗಲ ಮಡಿಚಿ ಹೊಲಿದರು, ಅವನ ಊಟದ ಹಿಟ್ಟನ್ನು ಎಷ್ಟು ಹೊತ್ತು ನೆನೆಹಾಕಿದರು ಎಂಬುದು ಕಲ್ಲಿನ ಮೇಲೂ ಇಲ್ಲ, ಓಲೆಯ ಮೇಲೂ ಇಲ್ಲ. ಅದು ಕೈಯಲ್ಲಿತ್ತು, ಕೈಗಳು ಹೋದಾಗ ಹೋಯಿತು. ಹಾಗೆ ಹೋದದ್ದರಲ್ಲಿ ಸ್ವಲ್ಪವನ್ನಾದರೂ ಮರಳಿ ಪಡೆಯಬೇಕಾದರೆ ಇರುವ ದಾರಿ ಆ ಕೆಲಸವನ್ನು ಇನ್ನೊಮ್ಮೆ ಕೈಯಿಂದ ಮಾಡಿ ನೋಡುವುದು. ವಾರಕ್ಕೊಂದರಂತೆ ಮನೆಯಲ್ಲಿ ಹಳೆಯ ಕಾಲದ ಉಡುಪು ಹೊಲಿಯುವ, ಹಳೆಯ ಅಡುಗೆ ಮಾಡುವ ಹವ್ಯಾಸವನ್ನು ಬರಿಯ ವೇಷದ ಹುಚ್ಚು ಎಂದು ತಳ್ಳಿಹಾಕುವವರು ಈ ಮಾತನ್ನು ಮರೆಯುತ್ತಾರೆ. ಸರಿಯಾಗಿ ಮಾಡಿದರೆ ಅದೂ ಒಂದು ಬಗೆಯ ಓದು, ಗ್ರಂಥ ಮೌನವಾಗುವಲ್ಲಿ ಶುರುವಾಗುವ ಓದು.

ಈ ಹವ್ಯಾಸ ಇಂದು ಹೆಚ್ಚು ಬೆಳೆದಿರುವುದು ಅಮೆರಿಕ ಮತ್ತು ಯುರೋಪಿನಲ್ಲಿ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದಷ್ಟು ಗೆಳೆಯರು ಮಧ್ಯಯುಗದ ವೇಷ ತೊಟ್ಟು ಮನೆಯ ಹಿತ್ತಲಿನಲ್ಲಿ ಸೇರಿದರು. ಮೋಜಿನ ಆ ಕೂಟವೇ ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ’ ಎಂಬ ಸಂಘವಾಗಿ ಹಲವು ದೇಶಗಳಿಗೆ ಹರಡಿತು. ಅದಕ್ಕೂ ಎರಡು ವರ್ಷ ಮೊದಲೇ, 1964ರಲ್ಲಿ, ಡೆನ್ಮಾರ್ಕಿನ ಲೈರೆ ಎಂಬಲ್ಲಿ ಪ್ರಾಚೀನರ ಮನೆ, ಮಡಕೆ, ಬಟ್ಟೆಗಳನ್ನು ಅವರದೇ ಸಲಕರಣೆಗಳಿಂದ ಮತ್ತೆ ಮಾಡಿ ನೋಡುವ ಕೇಂದ್ರ ಶುರುವಾಗಿತ್ತು. ಒಂದು ಕಡೆ ಮೋಜು, ಇನ್ನೊಂದು ಕಡೆ ಪುರಾತತ್ವ. ಇವೆರಡರ ನಡುವೆ ಇಂದು ಎಷ್ಟೋ ಮನೆಗಳ ವಾರಾಂತ್ಯಗಳು ಕಳೆಯುತ್ತಿವೆ. ಈ ಭಾನುವಾರ ಒಂದು ತೋಳು, ಮುಂದಿನ ಭಾನುವಾರ ಒಂದು ರೊಟ್ಟಿ, ಆಮೇಲೊಂದು ಟೊಪ್ಪಿಗೆ. ಎಲಿಯಾಸ್ ಹೋ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅಲ್ಲಿಯವರೆಗಿನ ಉಡುಪು ಹೆಚ್ಚುಕಡಿಮೆ ಎಲ್ಲ ಕೈಹೊಲಿಗೆಯದೇ. ಹಾಗಾಗಿ ಆ ಕಾಲದ ಅಂಗಿಯನ್ನು ನಿಜವಾಗಿ ಅರಿಯಬೇಕೆನ್ನುವವರು ಸೂಜಿಯನ್ನೇ ಹಿಡಿಯಬೇಕಾಗುತ್ತದೆ.

ಒಂದು ಅಂಗಿಯನ್ನೇ ಹತ್ತಿರದಿಂದ ನೋಡೋಣ. 1936ರಲ್ಲಿ ಸ್ವೀಡನ್ನಿನ ವಾರ್ಬರಿ ಪಟ್ಟಣದ ಸಮೀಪ, ಬಾಕ್‌ಸ್ಟೆನ್ ಎಂಬ ಜವುಗುನೆಲದಲ್ಲಿ ಉರುವಲಿಗೆಂದು ಪೀಟ್ ಮಣ್ಣು ತೆಗೆಯುತ್ತಿದ್ದಾಗ ಒಬ್ಬ ಮನುಷ್ಯನ ಅವಶೇಷ ಸಿಕ್ಕಿತು. ಯಾರೋ ಕೊಂದು, ಮರದ ಗೂಟ ಜಡಿದು ಹೂತಿದ್ದರು. ಅವನು ಯಾರೆಂಬುದು ಇಂದಿಗೂ ಗೊತ್ತಿಲ್ಲ. ಆದರೆ ಅವನ ಮೈಮೇಲಿನ ಬಟ್ಟೆ ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಉಳಿದಿತ್ತು. ಮಂಡಿಯವರೆಗಿನ ಉಣ್ಣೆಯ ನಿಲುವಂಗಿ, ಹೊದಿಕೆ, ಕಾಲಿಗೆ ಉಣ್ಣೆಯ ಚೀಲದಂಥ ಉಡುಪು, ಹಿಂದೆ ಬಾಲದ ಹಾಗೆ 90 ಸೆಂಟಿಮೀಟರ್ ಉದ್ದಕ್ಕೆ ಇಳಿಬಿದ್ದ ಕುಲಾವಿ. ಎಲ್ಲವೂ 14ನೇ ಶತಮಾನದವು. ಇವತ್ತೂ ವಾರ್ಬರಿಯ ಕೋಟೆಯೊಳಗಿನ ಮ್ಯೂಸಿಯಮ್ಮಿನಲ್ಲಿವೆ. ಮಧ್ಯಯುಗದ ಉಡುಪು ಹೊಲಿಯಹೊರಟವರಿಗೆ ಈ ಅಂಗಿ ಮೊದಲ ಪಾಠದಂತೆ. ಆದರೆ ಈ ಪಾಠದಲ್ಲಿ ಒಂದು ಪುಟವೇ ಇಲ್ಲ. ಜವುಗಿನ ಹುಳಿನೀರು ಉಣ್ಣೆ, ಚರ್ಮಗಳಂಥ ಪ್ರಾಣಿಮೂಲದ ವಸ್ತುಗಳನ್ನು ಕಾಪಾಡುತ್ತದೆ. ನಾರಗಸೆಯ ಬಟ್ಟೆ, ಅಂದರೆ ಲಿನನ್, ಅದರಲ್ಲಿ ಕರಗಿಹೋಗುತ್ತದೆ. ಒಳಗೊಂದು ಲಿನನ್ ಅಂಗಿ ಇತ್ತೋ ಇಲ್ಲವೋ ಎಂಬುದನ್ನು ಆ ಜವುಗು ಹೇಳಲಾರದು. ಅಂಥ ನಿಲುವಂಗಿಯನ್ನು ಹೊಲಿದು ಬರಿಮೈಮೇಲೆ ಒಂದು ಗಳಿಗೆ ತೊಟ್ಟರೆ ಕತ್ತು, ಕಂಕುಳು ಉತ್ತರ ಹೇಳಲು ತೊಡಗುತ್ತವೆ. ಉಣ್ಣೆ ಚುಚ್ಚುತ್ತದೆ, ಬೆವರು ಹಿಡಿಯುತ್ತದೆ, ಪದೇಪದೇ ಒಗೆದರೆ ಕುಗ್ಗುತ್ತದೆ. ಒಳಗೊಂದು ಒಗೆಯಬಲ್ಲ ಮೆದುಬಟ್ಟೆ ಬೇಕೇಬೇಕು ಅನಿಸುತ್ತದೆ. ಅದೇ ಕಾಲದ ಚಿತ್ರಗಳೂ ಬರಹಗಳೂ ಒಳಂಗಿಯ ವಿಷಯದಲ್ಲಿ ಈ ಅನಿಸಿಕೆಯನ್ನೇ ಎತ್ತಿಹಿಡಿಯುತ್ತವೆ.

ಇನ್ನು ಕತ್ತರಿಸುವ ಬಗೆ. ಇಂದಿನ ಶರ್ಟಿನ ತುಂಡುಗಳನ್ನು ನೆಲದ ಮೇಲೆ ಹರಡಿದರೆ ಎಲ್ಲವೂ ಬಾಗುಗೆರೆ; ಬಾಗಿದಲ್ಲೆಲ್ಲ ಚಿಂದಿ ಉಳಿಯುತ್ತದೆ. ಹಳೆಯ ಅಂಗಿಗಳಲ್ಲಿ ಹೆಚ್ಚಿನವು ಆಯತ, ತ್ರಿಕೋನ, ಚೌಕಗಳಿಂದಲೇ ಆದವು. ಮೈಗೆ ಎರಡು ಆಯತ, ತೋಳಿಗೆ ಎರಡು, ಕೆಳಗಿನ ಘೇರಿಗೆ ತ್ರಿಕೋನದ ತುಂಡುಗಳು, ಕಂಕುಳಿಗೆ ಅಂಗೈಯಗಲದ ಒಂದೊಂದು ಚೌಕ. ಹೊಸದಾಗಿ ಹೊಲಿಯುವವರಿಗೆ ಈ ಚೌಕ ಯಾಕೆಂದೇ ಮೊದಲು ತಿಳಿಯುವುದಿಲ್ಲ. ಹಳೆಯ ಹಾಸುಬಟ್ಟೆಯಿಂದ ಒಂದು ಮಾದರಿ ಮಾಡಿ, ಚೌಕವಿಲ್ಲದೆ ತೋಳು ಕೂಡಿಸಿ, ಕೈಯೆತ್ತಿ ನೋಡಿದರೆ ಇಡೀ ಅಂಗಿ ಮೇಲಕ್ಕೆ ಬರುತ್ತದೆ. ಜೋರಾಗಿ ಎತ್ತಿದರೆ ಕಂಕುಳಲ್ಲಿ ಹರಿಯುತ್ತದೆ. ಚೌಕವನ್ನು ಓರೆಯಾಗಿ ಕೂಡಿಸಿದರೆ ಅದು ಮಡಿಕೆಯಾಗಿ ಒಳಗೆ ಅಡಗಿದ್ದು, ಕೈಯೆತ್ತಿದಾಗ ಮಾತ್ರ ಬಿಚ್ಚಿಕೊಳ್ಳುತ್ತದೆ. ಕೊಡಲಿ ಬೀಸುವವನಿಗೆ, ಹುಲ್ಲು ಕೊಯ್ಯುವವನಿಗೆ ಬೇಕಾದ ಅಂಗಿ ಇದು. ಜುಬ್ಬಾ ಹೊಲಿಯುವ ನಮ್ಮ ಹಳೆಯ ದರ್ಜಿಗಳಿಗೆ ಇದರಲ್ಲಿ ಹೊಸದೇನೂ ಕಾಣದು; ಅವರೂ ಕಂಕುಳಿಗೆ ಇಂಥದೇ ತುಂಡು ಹಾಕುತ್ತಾರೆ, ಬದಿಗೆ ಇಂಥದೇ ಕಳಿ ಕೂಡಿಸುತ್ತಾರೆ. ಸ್ವೀಡನ್ನಿನವರಿಂದ ಇವರು ಕಲಿತದ್ದಲ್ಲ, ಇವರಿಂದ ಅವರು ಕಲಿತದ್ದೂ ಅಲ್ಲ. ಮಗ್ಗದಿಂದ ಬರುವುದು ಉದ್ದನೆಯ ಪಟ್ಟಿ, ಮನುಷ್ಯನ ತೋಳು ಎಲ್ಲ ಕಡೆಯೂ ಒಂದೇ. ಸಮಸ್ಯೆ ಒಂದೇ ಆದಾಗ ಉತ್ತರವೂ ಒಂದೇ ಆದೀತು.

ಬಟ್ಟೆಯನ್ನು ಚಿಂದಿಯಾಗದಂತೆ ಅಷ್ಟು ಜತನದಿಂದ ಯಾಕೆ ಕತ್ತರಿಸಬೇಕಿತ್ತು? ಇಲ್ಲೊಂದು ಸರಳ ಲೆಕ್ಕ ನೆರವಿಗೆ ಬರುತ್ತದೆ. ಒಂದು ನಿಲುವಂಗಿಯ ಹೊಲಿಗೆಯ ಗೆರೆಗಳು ಒಟ್ಟು 10 ಮೀಟರ್, ಸೆಂಟಿಮೀಟರಿಗೆ 3 ಹೊಲಿಗೆ ಎಂದುಕೊಂಡರೆ 3,000 ಹೊಲಿಗೆ. ನೂಲು ಬಿಡದಂತೆ ಅಂಚು ಮಡಿಚಿ ಇನ್ನೊಮ್ಮೆ ಕೂರಿಸಿದರೆ 6,000. ನಿಮಿಷಕ್ಕೆ 10 ಹೊಲಿಗೆ ಬಿದ್ದರೆ 10 ಗಂಟೆಯ ಕೆಲಸ. ಭಾನುವಾರಕ್ಕೆ ಎರಡು ಗಂಟೆಯಂತೆ ಐದು ವಾರದಲ್ಲಿ ಮುಗಿಯಿತು. ಈಗ ಬಟ್ಟೆಯ ಲೆಕ್ಕಕ್ಕೆ ಬನ್ನಿ. ಸೆಂಟಿಮೀಟರಿಗೆ ಹಾಸು 12 ಎಳೆ, ಹೊಕ್ಕು 12 ಎಳೆ ಇರುವ ಸಾಧಾರಣ ಬಟ್ಟೆಯ ಒಂದು ಚದರ ಮೀಟರಿಗೆ 2,400 ಮೀಟರ್ ನೂಲು ಬೇಕು. ಅಂಗಿಗೆ 3 ಚದರ ಮೀಟರ್ ಎಂದರೆ 7,200 ಮೀಟರ್. ಕೈಕದಿರಿನಲ್ಲಿ ಪಳಗಿದವರು ಗಂಟೆಗೆ 50 ಮೀಟರ್ ನೂಲುತ್ತಾರೆ ಎಂದು ಧಾರಾಳವಾಗಿ ಹಿಡಿದರೂ 144 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 18 ದಿನ. ಕುರಿಯ ತುಪ್ಪಟ ಕತ್ತರಿಸುವುದು, ಉಣ್ಣೆ ಹಿಂಜುವುದು, ಮಗ್ಗದ ಮುಂದೆ ಕೂರುವುದು ಇದರಲ್ಲಿ ಸೇರಿಲ್ಲ. ಹೊಲಿಗೆ 10 ಗಂಟೆ, ನೂಲು 144 ಗಂಟೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ಕಾಲದ ಎಷ್ಟೋ ನಡವಳಿಕೆಗಳು ತಾವಾಗಿಯೇ ಅರ್ಥವಾಗುತ್ತವೆ. ಉಯಿಲಿನಲ್ಲಿ ಹಳೆಯ ನಿಲುವಂಗಿಯ ಹೆಸರನ್ನೂ ಬರೆದು ಒಬ್ಬರಿಗೆ ಬಿಟ್ಟುಹೋಗುತ್ತಿದ್ದುದು, ತೇಪೆಯ ಮೇಲೆ ತೇಪೆ ಹಾಕುತ್ತಿದ್ದುದು, ಅಪ್ಪನ ಅಂಗಿಯನ್ನು ಬಿಚ್ಚಿ ಮಗನಿಗೆ ಹೊಲಿಯುತ್ತಿದ್ದುದು ಜಿಪುಣತನವಲ್ಲ. ಬಟ್ಟೆಯೆಂದರೆ ಆಸ್ತಿಯಾಗಿತ್ತು. ಪುಸ್ತಕದಲ್ಲಿ ಇದನ್ನು ಓದಿ ತಲೆಯಾಡಿಸಬಹುದು. ಐದನೆಯ ಭಾನುವಾರ ಅಂಚು ಮಡಿಚುತ್ತ ಬೆರಳು ನೋಯುವಾಗ, ಇದು ಇಡೀ ಕೆಲಸದ ಹದಿನೈದರಲ್ಲಿ ಒಂದು ಪಾಲೂ ಅಲ್ಲ ಎಂಬ ಅರಿವು ಬೇರೆಯೇ ಬಗೆಯದು.

ಅಡುಗೆಮನೆಗೆ ಬಂದರೆ ಈ ಮಾತು ಇನ್ನೂ ತಿಳಿಯಾಗುತ್ತದೆ, ಅದರಲ್ಲೂ ಕನ್ನಡದವರಿಗೆ. ಇಡ್ಲಿಯ ಹಳೆಯ ಉಲ್ಲೇಖಗಳು ಸಿಗುವುದು ನಮ್ಮ ನೆಲದಲ್ಲೇ. ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರಿದೆ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವ ವಿಧಾನವಿದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ‘ಇಡ್ಡರಿಕಾ’ ಬರುತ್ತದೆ. ಈ ಯಾವುದರಲ್ಲೂ ಅಕ್ಕಿ ಇಲ್ಲ, ಹುಳಿ ಬರಿಸುವ ಮಾತಿಲ್ಲ, ಹಬೆಯಲ್ಲಿ ಬೇಯಿಸುವ ಮಾತಿಲ್ಲ ಎಂದು ಆಹಾರದ ಇತಿಹಾಸಕಾರ ಕೆ.ಟಿ. ಅಚಯ ಗುರುತಿಸಿದರು, ಆ ವಿದ್ಯೆ ಇಂಡೊನೇಷ್ಯಾದ ಕಡೆಯಿಂದ ಬಂದಿರಬಹುದೆಂದು ಊಹಿಸಿದರು. ಗ್ರಂಥವನ್ನಷ್ಟೇ ನೋಡಿದರೆ ಅವರ ತರ್ಕ ಬಲವಾಗಿದೆ. ಆದರೆ ಒಂದು ವಾರ ಆ ಹಿಟ್ಟನ್ನೇ ಅರೆದಿಟ್ಟರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಉದ್ದಿನ ಮೇಲೆ ಸಹಜವಾಗಿಯೇ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಾಣುಗಳಿರುತ್ತವೆ. ಮಜ್ಜಿಗೆ, ಮೊಸರುನೀರುಗಳಲ್ಲಿ ಹುಳಿ ಬರಿಸುವ ಸೂಕ್ಷ್ಮಾಣುಗಳಿರುತ್ತವೆ. ಬಯಲುಸೀಮೆಯ ಬೇಸಗೆಯಲ್ಲಿ ಅಂಥ ಹಿಟ್ಟನ್ನು ರಾತ್ರಿ ಮುಚ್ಚಿಟ್ಟರೆ ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ, ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ. ಹುಳಿ ಬರದಂತೆ ತಡೆಯುವುದೇ ಅಲ್ಲಿ ಕಷ್ಟ. ಹಾಗಿರುವಾಗ ಗ್ರಂಥ ಹೇಳಿಲ್ಲವೆಂಬುದಕ್ಕೆ ಗೊತ್ತಿರಲಿಲ್ಲ ಎಂದು ಅರ್ಥವೋ, ಹೇಳಬೇಕಾದ್ದೇನೂ ಇರಲಿಲ್ಲ ಎಂದು ಅರ್ಥವೋ? ಅರೆದ ಕೂಡಲೇ ಬೇಯಿಸುತ್ತಿದ್ದರು ಎಂಬ ಸಾಧ್ಯತೆಯೂ ಇದೆ. ಪಾತ್ರೆಯಲ್ಲಿನ ಹಿಟ್ಟು ತೀರ್ಪು ಕೊಡುವುದಿಲ್ಲ. ಆದರೆ ಓದುವವರು ಕೇಳದೆ ಬಿಟ್ಟ ಪ್ರಶ್ನೆಯನ್ನು ಅದು ಕೇಳುತ್ತದೆ.

ಇನ್ನೊಂದು ವಾರಕ್ಕೆ ಇನ್ನೊಂದು ಪ್ರಯೋಗ. ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದದ್ದು 1508ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಇಳಿದು ಆಗ ಹತ್ತೇ ವರ್ಷ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆಗಳು ಆ ಅಡುಗೆಮನೆಗೆ ಇನ್ನೂ ಬಂದಿರಲಿಲ್ಲ. ಆ ಮೂರನ್ನೂ ಹೊರಗಿಟ್ಟು ಒಂದು ದಿನದ ಊಟ ಅಣಿಮಾಡಿದರೆ ಖಾರವೆಂಬ ಮಾತಿನ ಅರ್ಥವೇ ಬದಲಾಗುತ್ತದೆ. ಮೆಣಸಿನ ಖಾರ ನಾಲಿಗೆಯ ಮೇಲೆ ಉರಿಯುತ್ತ ನಿಲ್ಲುವುದಿಲ್ಲ, ಗಂಟಲಿನಲ್ಲಿ ಬೆಚ್ಚಗಾಗಿ ಇಳಿಯುತ್ತದೆ; ಹುಳಿಯ ಹೊಣೆಯೆಲ್ಲ ಹುಣಿಸೆ, ಮಜ್ಜಿಗೆ, ನಿಂಬೆಗಳ ಮೇಲೆ ಬೀಳುತ್ತದೆ. ಕನ್ನಡ ಭಾಷೆ ಈ ಚರಿತ್ರೆಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದೆ. ಹಳಬನ ಹೆಸರು ಮೆಣಸು. ಹಡಗಿನಲ್ಲಿ ಬಂದ ಹೊಸಬನಿಗೆ ಅದರ ಮೇಲೆಯೇ ಮೆಣಸಿನಕಾಯಿ ಎಂದು ಹೆಸರಾಯಿತು. ದಿನವೂ ಬಾಯಲ್ಲಿ ಓಡಾಡುವ ಈ ಮಾತು ಕಿವಿಗೆ ಬೀಳಬೇಕಾದರೆ ಒಮ್ಮೆ ಮೆಣಸಿನಕಾಯಿ ಇಲ್ಲದ ಸಾರು ಮಾಡಬೇಕು.

ಇದಕ್ಕೆ ವಾರವೇ ಯಾಕೆ ತಕ್ಕ ಅಳತೆ? ದಿನವೂ ಮಾಡುವ ಕೆಲಸ ಬೇಗ ದಂಡನೆಯಾಗುತ್ತದೆ. ತಿಂಗಳಿಗೊಮ್ಮೆ ಮಾಡಿದರೆ ಕೈ ಮರೆಯುತ್ತದೆ. ನಮ್ಮ ಊರುಗಳ ಬಾಳು ಬಹುಕಾಲ ವಾರದ ಲಯದಲ್ಲೇ ನಡೆದದ್ದು. ಸಂತೆ ವಾರಕ್ಕೊಮ್ಮೆ, ಎಣ್ಣೆನೀರು ವಾರಕ್ಕೊಮ್ಮೆ, ಒಪ್ಪೊತ್ತು ವಾರಕ್ಕೊಮ್ಮೆ. ಸಂತೆಯಲ್ಲಿ ತಂದದ್ದರಲ್ಲೇ ಮುಂದಿನ ಸಂತೆಯವರೆಗೆ ತೂಗಿಸಬೇಕೆಂಬ ಲೆಕ್ಕ ಮನೆಯ ಕೆಲಸಕ್ಕೆ ಒಂದು ಚೌಕಟ್ಟು ಕೊಡುತ್ತಿತ್ತು. ಕೈಕೆಲಸಕ್ಕೂ ಅಂಥದೇ ಚೌಕಟ್ಟು ಬೇಕು, ಯಾಕೆಂದರೆ ಇಲ್ಲಿ ಕಾಯುವುದು ಕೆಲಸದ ಒಂದು ಭಾಗ. ಉಣ್ಣೆಬಟ್ಟೆಯನ್ನು ಕತ್ತರಿಸುವ ಮೊದಲು ನೆನೆಸಿ, ಕುಗ್ಗಲು ಬಿಟ್ಟು, ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಂಗಿ ಮಗುವಿನ ಅಳತೆಗೆ ಬರುತ್ತದೆ. ಮಾದರಿಯನ್ನು ಒಂದೆರಡು ದಿನ ತೊಟ್ಟು ಓಡಾಡಿದರೆ ಮಾತ್ರ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ತಿಳಿಯುತ್ತದೆ. ಈ ವಾರ ಕೆಟ್ಟ ಹಿಟ್ಟಿನ ಕಾರಣ ಮುಂದಿನ ವಾರದ ಹಿಟ್ಟಿನಲ್ಲಿ ಗೊತ್ತಾಗುತ್ತದೆ. ಒಂದು ಮುಖ್ಯ ನಿಯಮವೆಂದರೆ ವಾರದ ಪಾಲು ಮುಗಿಯುವಂಥದ್ದಾಗಿರಬೇಕು. ‘ಅಂಗಿ ಹೊಲಿಯುವುದು’ ವಾರದ ಕೆಲಸವಲ್ಲ, ‘ಎಡತೋಳಿಗೆ ಚೌಕ ಕೂಡಿಸುವುದು’ ವಾರದ ಕೆಲಸ. ಅರ್ಧಕ್ಕೆ ನಿಂತ ದೊಡ್ಡ ಕೆಲಸ ಕಪಾಟಿನ ಮೂಲೆ ಸೇರುತ್ತದೆ; ಮುಗಿದ ಚಿಕ್ಕ ಕೆಲಸ ಮುಂದಿನದನ್ನು ಎಳೆದು ತರುತ್ತದೆ.

ಆಕ್ಷೇಪಗಳಿಲ್ಲದೆ ಇಲ್ಲ. ಮೊದಲನೆಯದು ವಿದ್ವಾಂಸರದು: ಇದೆಲ್ಲ ನಕಲಿ. ಬಟ್ಟೆ ಗಿರಣಿಯದು, ಸೂಜಿ ಕಾರ್ಖಾನೆಯದು, ಬೆಳಕು ವಿದ್ಯುತ್ತಿನದು, ಉದ್ದು ಇಂದಿನ ತಳಿಯದು, ಕೂತು ಹೊಲಿಯುವವರ ಬೆನ್ನೂ ಇಂದಿನದು. ಈ ಮಾತು ಪೂರ್ತಿ ನಿಜ. ಅದಕ್ಕಾಗಿಯೇ ಕೈಯಿಂದ ಬಂದ ಅರಿವನ್ನು ಸಾಕ್ಷಿಯೆಂದು ಮಂಡಿಸಬಾರದು. ‘ಹೀಗೂ ಮಾಡಬಹುದು’ ಎಂಬುದರಿಂದ ‘ಹೀಗೇ ಮಾಡಿದರು’ ಎಂಬುದಕ್ಕೆ ಜಿಗಿಯುವುದೇ ಈ ಹವ್ಯಾಸದ ದೊಡ್ಡ ರೋಗ. ಆದರೆ ಓದೂ ಇದೇ ಮಿತಿಯೊಳಗೆ ಇದೆ. ಹಳಗನ್ನಡ ಓದುವವರ ಕಣ್ಣೂ ಇಂದಿನದೇ, ಅರ್ಥಕೋಶವೂ ಇಂದಿನದೇ. ಅದಕ್ಕೆಂದು ಓದುವುದನ್ನು ಯಾರೂ ಬಿಟ್ಟಿಲ್ಲ. ಪಾಠಾಂತರ ನೋಡಿ, ಎಚ್ಚರದಿಂದ ಓದುತ್ತಾರೆ. ಇಂಗ್ಲೆಂಡಿನ ಜ್ಯಾನೆಟ್ ಆರ್ನಾಲ್ಡ್ ಇಂಥ ಎಚ್ಚರಕ್ಕೆ ಒಳ್ಳೆಯ ಮಾದರಿ. ಮ್ಯೂಸಿಯಂಗಳಲ್ಲಿ ಉಳಿದ ಉಡುಪುಗಳನ್ನು ಅಂಗುಲ ಅಂಗುಲ ಅಳೆದು, ತೇಪೆ, ಜೋಡಣೆಗಳನ್ನೂ ಬಿಡದೆ ನಕ್ಷೆ ಬರೆದು, 1964ರಿಂದ ‘ಪ್ಯಾಟರ್ನ್ಸ್ ಆಫ್ ಫ್ಯಾಷನ್’ ಎಂಬ ಸಂಪುಟಗಳನ್ನು ತಂದರು. ಅವರ ನಕ್ಷೆ ಹಿಡಿದು ಹೊಲಿಯುವವರಿಗೆ ಊಹೆ ಎಲ್ಲಿ ಶುರುವಾಯಿತೆಂಬುದು ಗೊತ್ತಿರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹಿಂದಿನ ಕಾಲವನ್ನು ಹೀಗೆ ಚೆಂದಗಾಣಿಸುವುದು ಹೊಟ್ಟೆ ತುಂಬಿದವರ ಆಟ. ಆ ನೂಲು ನೂತ, ಆ ಹಿಟ್ಟು ಅರೆದ ಹೆಂಗಸರಿಗೆ ಅದು ಹವ್ಯಾಸವಾಗಿರಲಿಲ್ಲ. ನಮ್ಮಲ್ಲೇ ನೋಡಬಹುದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ, ಸಾಲು ಹೊಲಿಗೆ ಹಾಕುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ‘ಫುಲ’ ಎಂಬ ಪುಟ್ಟ ತುಂಡುಗಳ ಹೂವು ಕೂರಿಸದೆ ಮುಗಿಸುವುದಿಲ್ಲ. ಅವರು ಯಾವ ಗತಕಾಲವನ್ನೂ ಮರುನಟಿಸುತ್ತಿಲ್ಲ, ಚಳಿಗೆ ಹೊದಿಕೆ ಮಾಡುತ್ತಿದ್ದಾರೆ. ಇನ್ನೂ ಹತ್ತಿರದ ಮಾತೆಂದರೆ, ಭಾನುವಾರ ಗಂಡಸು ಮಾಡುವ ಅಡುಗೆಗೆ ‘ಪ್ರಾಜೆಕ್ಟ್’ ಎಂಬ ಹೆಸರಿದೆ, ಸೋಮವಾರದಿಂದ ಶನಿವಾರದವರೆಗೆ ಹೆಂಗಸು ಮಾಡುವ ಅಡುಗೆಗೆ ಯಾವ ಹೆಸರೂ ಇಲ್ಲ. ಈ ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ, ಒಪ್ಪಿಕೊಂಡೇ ಉತ್ತರಿಸಬೇಕು. ಹಿಂದಿನ ಕಾಲವನ್ನು ಚೆಂದಗಾಣಿಸುವುದು ಅದನ್ನು ದೂರದಿಂದ ನೋಡುವವರು. 144 ಗಂಟೆಯ ಲೆಕ್ಕವನ್ನು ಬೆರಳಿನಲ್ಲಿ ಅನುಭವಿಸಿದವರ ಬಾಯಲ್ಲಿ ‘ಆ ಕಾಲವೇ ಚೆನ್ನಾಗಿತ್ತು’ ಎಂಬ ಮಾತು ಸುಲಭಕ್ಕೆ ಬರುವುದಿಲ್ಲ. ಒರಳು ತಿರುಗಿಸಿದ ತೋಳಿಗೆ ಮಿಕ್ಸಿಯ ಬೆಲೆ ಗೊತ್ತಾಗುತ್ತದೆ, ಮಿಕ್ಸಿ ಬರುವ ಮುಂಚೆ ತಿರುಗಿಸಿದವರ ಬೆಲೆಯೂ ಗೊತ್ತಾಗುತ್ತದೆ. ವಾರದ ಪ್ರಯೋಗ ಆ ಗೌರವಕ್ಕೆ ಕೊಂಡೊಯ್ಯದಿದ್ದರೆ, ವಾರದ ಉಳಿದ ಆರು ದಿನದ ಪಾತ್ರೆ ತೊಳೆಯುವುದಕ್ಕೂ ಕೈ ಬರದಿದ್ದರೆ, ಆ ಪ್ರಯೋಗ ಸೋತಿತೆಂದೇ ಲೆಕ್ಕ.

ಸಮಯ ದಂಡ, ದುಡ್ಡು ದಂಡ ಎಂಬ ಮೂರನೆಯ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಲಿನನ್, ಉಣ್ಣೆಗಳು ದುಬಾರಿ ನಿಜ. ಹಳೆಯ ಪಂಚೆ, ಸೂಜಿ, ದಾರ, ದಾರಕ್ಕೆ ತಿಕ್ಕಲು ಒಂದು ಚೂರು ಜೇನುಮೇಣ ಇದ್ದರೆ ಕಂಕುಳ ಚೌಕದ ಪಾಠಕ್ಕೆ ಕೊರತೆಯಿಲ್ಲ. ಉದ್ದು, ಮೊಸರು ಎಲ್ಲರ ಮನೆಯಲ್ಲೂ ಇವೆ. ಅಂಗಡಿಯಲ್ಲಿ ಸಿಗುವ ಅಂಗಿಯೇ ಸಾಕಾಗಿದ್ದರೆ ಹೊಲಿಯಬೇಕಾಗಿಲ್ಲ. ಇಲ್ಲಿ ಬೇಕಾಗಿರುವುದು ಅಂಗಿಯಲ್ಲ, ಅಂಗಿಯ ಅರಿವು.

ಕೊನೆಗೆ ಉಳಿಯುವುದು ನಮ್ಮದೇ ಕಾಲದ ಪ್ರಶ್ನೆ. ಹಿಂದಿನವರು ಬರೆದಿಡಲಿಲ್ಲವೆಂದು ದೂರುವ ನಾವು ಏನನ್ನು ಬರೆದಿಡುತ್ತಿದ್ದೇವೆ? ಮುದ್ದೆ ಬೆಂದದ್ದು ಯಾವ ವಾಸನೆಯಿಂದ ತಿಳಿಯುತ್ತದೆ, ಕೌದಿಯ ದಾರ ಎಷ್ಟು ಮೊಳವಿದ್ದರೆ ಸಿಕ್ಕಾಗುವುದಿಲ್ಲ, ಜುಬ್ಬಾದ ಕಳಿಯನ್ನು ಯಾವ ಕಡೆಯಿಂದ ಕತ್ತರಿಸಿದರೆ ಬಟ್ಟೆ ಉಳಿಯುತ್ತದೆ ಎಂಬುದು ಇಂದಿಗೂ ಎಷ್ಟೋ ಕೈಗಳಲ್ಲಿದೆ. ಇನ್ನೊಂದು ತಲೆಮಾರು ಕಳೆದರೆ ಅದೂ ಜವುಗಿಗೆ ಬಿದ್ದ ಲಿನನ್ನಿನ ಹಾಗೆ ಕರಗಿಹೋದೀತು. ಹಾಗಾಗಿ ಈ ಭಾನುವಾರದ ಕೆಲಸಕ್ಕೆ ಸ್ವೀಡನ್ನಿಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ಚೆನ್ನಾಗಿ ಹೊಲಿಯುವವರ, ಚೆನ್ನಾಗಿ ಅಡುಗೆ ಮಾಡುವವರ ಪಕ್ಕ ಕೂತು ಒಂದು ಕೆಲಸವನ್ನು ಅವರ ಜೊತೆ ಪೂರ್ತಿ ಮಾಡಿ. ಅವರು ‘ಹದವಾಗಿ’ ಎಂದಾಗಲೆಲ್ಲ ತಡೆದು, ಹಾಗೆಂದರೆ ಎಷ್ಟು ಎಂದು ಕೇಳಿ. ಅಳತೆ ಮಾಡಿ, ತಾರೀಖು ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.